ಕಾರ್ಖಾನೆ ಯಾರದು ಎಂದು ಸದನದಲ್ಲಿ ಹೇಳಲಿ

ಮಾನ್ಯ ಸಂಪಾದಕರೇ,

ಶಾಸಕರು, ಸಚಿವರು ಅಧಿಕಾರದಲ್ಲಿದ್ದಾಗ ಬೇರೆ ಕೆಲಸ ಮಾಡಬಹುದಾ ಎಂಬ ಮಾತು ಬಂದಾಗಲೆಲ್ಲ ವಕೀಲರ ಹೆಸರೇ ಮೊದಲು ಬರುತ್ತದೆ. ಅದನ್ನು 2018ರಲ್ಲೇ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಶಾಸಕರು, ಸಂಸದರು ಪೂರ್ಣಾವಧಿ ಸಂಬಳದ ನೌಕರರಲ್ಲ, ವಕೀಲಿಕೆ ಮಾಡಬಹುದು ಎಂದಿತು. ನನಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಡಾಕ್ಟರ್ ಆಗಿರುವ ಶಾಸಕರು ಬಿಡುವಿದ್ದಾಗ ರೋಗಿಗಳನ್ನು ನೋಡಲಿ, ಹೊಲ ಇದ್ದವರು ಒಕ್ಕಲುತನ ಮಾಡಲಿ.

ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಂಗತಿ ಬೇರೆ. ಇಲ್ಲಿ ದೊಡ್ಡ ಪ್ರಶ್ನೆ ಸಕ್ಕರೆ ಕಾರ್ಖಾನೆಯದು. ಎಷ್ಟೋ ಕಾರ್ಖಾನೆಗಳು ರಾಜಕಾರಣಿಗಳ ಮನೆತನದ ಕೈಯಲ್ಲಿವೆ, ಇದು ಎಲ್ಲರಿಗೂ ಗೊತ್ತಿರುವ ಮಾತು. ಪಕ್ಷ ಯಾವುದೇ ಇರಲಿ.

ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾರ್ಖಾನೆ ಬಾಕಿ ಉಳಿಸಿಕೊಂಡರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಕಾರ್ಖಾನೆ ಸಚಿವರ ಮನೆಯದೇ ಆಗಿದ್ದರೆ? ನೋಟಿಸ್ ಕೊಡಬೇಕಾದ ಅಧಿಕಾರಿಯ ವರ್ಗಾವಣೆ ಸರ್ಕಾರದ ಕೈಯಲ್ಲೇ ಇರುತ್ತದಲ್ವಾ? ಎಷ್ಟೋ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯಿಂದ ತಯಾರಿಸುವ ಕರೆಂಟನ್ನು ಕೊಳ್ಳುವುದೂ ಸರ್ಕಾರದ ವಿದ್ಯುತ್ ಕಂಪನಿಗಳೇ. ಒಬ್ಬರೇ ಎರಡೂ ಕಡೆ ಕುಳಿತರೆ ರೈತ ಯಾರ ಹತ್ತಿರ ಹೋಗಿ ಕೇಳಬೇಕು?

2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತಿದ್ದರು. ಕೊನೆಗೆ ಸರ್ಕಾರ 3,300 ಎಂದು ಘೋಷಿಸಿತು. ಆ ದರ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ದರ ನಿಗದಿ ಮಾಡುವ ಮಾತುಕತೆಯಲ್ಲಿ ಕುಳಿತವರಲ್ಲಿ ಯಾರಿಗೆ ಯಾವ ಕಾರ್ಖಾನೆಯ ಸಂಬಂಧ ಇದೆ ಎಂದು ಮೊದಲೇ ತಿಳಿಯುವುದು ರೈತರ ಹಕ್ಕು.

ಸಚಿವರಿಗೆ ನೀತಿ ಸಂಹಿತೆ ಇದೆ. ವ್ಯಾಪಾರದ ಮಾಲೀಕತ್ವ ಇಟ್ಟುಕೊಳ್ಳಬಹುದು, ಆಡಳಿತ ಮಾತ್ರ ಬಿಡಬೇಕು ಎನ್ನುತ್ತದೆ. ಸರ್ಕಾರಕ್ಕೆ ಮಾಲು ಪೂರೈಸುವಂಥ ವ್ಯಾಪಾರ ಇದ್ದರೆ ಅದರ ಆಡಳಿತವನ್ನು ಗಂಡ ಅಥವಾ ಹೆಂಡತಿಗೆ ಕೊಡದೆ ಮನೆಯ ಬೇರೆ ವಯಸ್ಕರಿಗೆ ವಹಿಸಬೇಕಂತೆ. ಅಂದರೆ ಮಗ ನಡೆಸಿದರೆ ನಿಯಮ ಪಾಲಿಸಿದಂತೆಯೇ ಆಯಿತು! ಇದರಿಂದ ಯಾರಿಗೆ ಸಮಾಧಾನ? ಅದಕ್ಕೆ ಕಾನೂನಿನ ಬಲವೂ ಇಲ್ಲ.

ಕಾರ್ಖಾನೆ ಇದ್ದವರು ಚುನಾವಣೆಗೆ ನಿಲ್ಲಬಾರದು ಎಂದು ನಾನು ಹೇಳುವುದಿಲ್ಲ. ಅದೇ ಕಾರ್ಖಾನೆಗಳು ನಮ್ಮ ಹುಡುಗರಿಗೆ ಕೆಲಸ ಕೊಟ್ಟಿವೆ, ನಮ್ಮ ಕಬ್ಬಿಗೆ ಬಾಗಿಲು ತೆರೆದಿವೆ. ನಾನು ಕೇಳುವುದು ಇಷ್ಟೇ. ರಾಜ್ಯಸಭೆಯಲ್ಲಿ ಸದಸ್ಯರು ಕಂಪನಿಗಳಲ್ಲಿ ಸಂಭಾವನೆ ಬರುವ ನಿರ್ದೇಶಕ ಸ್ಥಾನ, ಕಂಪನಿಯ ಮೇಲೆ ಹಿಡಿತ ಕೊಡುವಷ್ಟು ಷೇರು, ಸಂಭಾವನೆ ಬರುವ ಬೇರೆ ಕೆಲಸಗಳನ್ನು ಒಂದು ರಿಜಿಸ್ಟರ್‌ನಲ್ಲಿ ಬರೆಸಬೇಕು. ನಮ್ಮ ಶಾಸಕರೂ ಅಂಥ ವಿವರವನ್ನು ವರ್ಷ ವರ್ಷ ಕೊಡಲಿ. ಅದು ಯಾರು ಬೇಕಾದರೂ ಓದುವಂತೆ ಕನ್ನಡದಲ್ಲಿ ಸಿಗಲಿ. ಮಗ, ಸೊಸೆ, ತಮ್ಮಂದಿರ ಹೆಸರಿನಲ್ಲಿ ಇರುವುದೂ, ಸಹಕಾರಿ ಕಾರ್ಖಾನೆಯ ಅಧ್ಯಕ್ಷಗಿರಿಯೂ ಅದರಲ್ಲಿ ಬರಲಿ. ಚುನಾವಣೆಯ ಅಫಿಡವಿಟ್ ಐದು ವರ್ಷಕ್ಕೊಮ್ಮೆ ಬರುವಂಥದ್ದು, ಅದು ಸಾಲದು. ಕಬ್ಬಿನ ದರ, ಬಾಕಿ, ತೂಕದ ವಿಷಯ ಸಚಿವ ಸಂಪುಟಕ್ಕೆ ಬಂದಾಗ ಕಾರ್ಖಾನೆಯ ನಂಟು ಇರುವ ಸಚಿವರು ಹೊರಗೆ ಉಳಿಯಲಿ.

ಸುವರ್ಣ ವಿಧಾನಸೌಧದಲ್ಲಿ ಮುಂದಿನ ಚಳಿಗಾಲದ ಅಧಿವೇಶನ ನಡೆದಾಗ ಸಭಾಧ್ಯಕ್ಷರು ಈ ವಿಷಯ ಚರ್ಚೆಗೆ ತೆಗೆದುಕೊಳ್ಳಬೇಕು. ಕಬ್ಬಿನ ಬಗ್ಗೆ ಮಾತಾಡಲು ಎದ್ದು ನಿಲ್ಲುವ ಪ್ರತಿಯೊಬ್ಬ ಶಾಸಕರೂ ತಮಗೆ ಯಾವ ಕಾರ್ಖಾನೆಯ ನಂಟಿದೆ ಎಂದು ಮೊದಲು ಹೇಳಿ ಮಾತು ಶುರು ಮಾಡಲಿ.

– ಒಬ್ಬ ಕಬ್ಬು ಬೆಳೆಗಾರ, ರಾಯಬಾಗ ತಾಲ್ಲೂಕು, ಬೆಳಗಾವಿ ಜಿಲ್ಲೆ