ಶನಿವಾರ ಲಡಿಂಗ್ಟನ್‌ನಲ್ಲಿ ಸಾಲ್ಮನ್ ಟ್ರೋಲಿಂಗ್

ಎಲ್ಲರಿಗೂ ನಮಸ್ಕಾರ. ಟ್ರೋಲಿಂಗ್‌ಗೆ, ಅಂದರೆ ದೋಣಿ ಸಾಗುತ್ತಿರುವಾಗ ಗಾಳವನ್ನು ಹಿಂದೆ ಎಳೆಯುತ್ತಾ ಮೀನು ಹಿಡಿಯಲು, ಶನಿವಾರ ಬೆಳಗಿನ ಜಾವ 4:30ಕ್ಕೆ ಮಿಷಿಗನ್ ಸರೋವರದ ದಡದ ಲಡಿಂಗ್ಟನ್ ಬಂದರಿನಲ್ಲಿ ಸೇರೋಣ. ದಯವಿಟ್ಟು ತಡ ಮಾಡಬೇಡಿ. ಚಿನೂಕ್ ಸಾಲ್ಮನ್ ಜಾಸ್ತಿ ಕಚ್ಚುವುದು ಬೆಳಕು ಹರಿಯುವ ಹೊತ್ತಿಗೇ.

ಬೇಸಿಗೆಯಲ್ಲಿ ಮಿಷಿಗನ್ ಸರೋವರದ ಮೇಲಿನ ನೀರು ಬೆಚ್ಚಗಾಗುತ್ತದೆ. ಸಾಲ್ಮನ್‌ಗೆ ಹಿಡಿಸುವುದು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪು, ಹಾಗಾಗಿ ಅದು ಕೆಳಗಿಳಿಯುತ್ತದೆ. ಗಾಳಿ ತಿರುಗಿದರೆ ಆ ತಂಪು ಪದರವೂ ಮೇಲೆ ಕೆಳಗೆ ಆಗುತ್ತದೆ. ಅದಕ್ಕೇ ಮೊದಲು ನೀರಿನ ಉಷ್ಣತೆ ನೋಡುತ್ತೇವೆ. ಆಮೇಲೆ ಡೌನ್‌ರಿಗರ್‌ನ (ಗಾಳವನ್ನು ಬೇಕಾದ ಆಳದಲ್ಲಿ ಹಿಡಿದಿಡುವ ಸಾಧನ) ಭಾರದ ಗುಂಡು ಇಳಿಸಿ, ಸ್ಪೂನ್‌ಗಳನ್ನು (ಚಮಚದಾಕಾರದ ಲೋಹದ ಹುಸಿ ಎರೆ) ಅದೇ ಆಳದಲ್ಲಿ ಎಳೆಯುತ್ತೇವೆ. ದೋಣಿಯ ವೇಗ ಗಂಟೆಗೆ 2ರಿಂದ 3 ಮೈಲಿ. ಲೇಕ್ ಟ್ರೌಟ್ ಮೀನು ಬೇಕೆಂದರೆ ತಳದ ಹತ್ತಿರ, ಇನ್ನೂ ನಿಧಾನವಾಗಿ.

ಅಂದಹಾಗೆ, ಲೇಕ್ ಟ್ರೌಟ್ ಇಲ್ಲಿಯದೇ ಮೀನು, ಚಿನೂಕ್ ಅಲ್ಲ. ಆಲ್‌ವೈಫ್ ಎಂಬ ಸಣ್ಣ ಮೀನು ವಿಪರೀತ ಹೆಚ್ಚಿದ್ದ ಕಾಲದಲ್ಲಿ, ಅದನ್ನು ತಿನ್ನಲೆಂದು 1966ರಲ್ಲಿ ಕೋಹೋ ಎಂಬ ಇನ್ನೊಂದು ಸಾಲ್ಮನ್, 1967ರಲ್ಲಿ ಚಿನೂಕ್ ಮರಿಗಳನ್ನು ಸರೋವರಕ್ಕೆ ಬಿಟ್ಟರು. ಎಂಥ ದೊಡ್ಡ ಬದಲಾವಣೆ ಅಲ್ವಾ!

17 ವರ್ಷ ತುಂಬಿದವರಿಗೆಲ್ಲ ಮಿಷಿಗನ್ ರಾಜ್ಯದ ಮೀನು ಹಿಡಿಯುವ ಲೈಸೆನ್ಸ್ ಬೇಕೇ ಬೇಕು. ಬೇಸಿಗೆಯಾದರೂ ಬೆಳಗ್ಗೆ ನೀರಿನ ಮೇಲೆ ಚಳಿ, ದಪ್ಪ ಜಾಕೆಟ್ ತನ್ನಿ. ಲೈಫ್ ಜಾಕೆಟ್ ಯಾರೂ ತೆಗೆಯುವಂತಿಲ್ಲ. ಅಲೆ ಜೋರಿದ್ದರೆ ಹೋಗುವುದಿಲ್ಲ, ಶುಕ್ರವಾರ ರಾತ್ರಿ ಇಲ್ಲೇ ತಿಳಿಸುತ್ತೇನೆ. ಬರುವವರು ಗುರುವಾರದೊಳಗೆ ಹೆಸರು ಹಾಕಿ.