ಒಪ್ಪಂದದ ದಿನಕ್ಕೆ ಬರಹ ಮುಗಿಸಬೇಡ

ಪ್ರೀತಿಯ ತಂಗಿ,

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಿಂದ ನೀನು ಕಳಿಸಿದ ಬರಹ ಓದಿದೆ. ಕೆಲಸಕ್ಕೆಂದು ಹೋದ ಊರಿನ ಹಳೆಯ ನೋವನ್ನು ತಿಳಿದುಕೊಳ್ಳಬೇಕು, ಅದನ್ನು ಕನ್ನಡದವರಿಗೆ ಹೇಳಬೇಕು ಅಂತ ನಿನಗೆ ಅನಿಸಿತಲ್ಲ, ಅದು ನನಗೆ ತುಂಬಾ ಖುಷಿ ಕೊಟ್ಟಿತು. ಅದಕ್ಕೇ ಸುಮ್ನೆ ಹೊಗಳಿ ಕೈತೊಳೆದುಕೊಳ್ಳಲು ಮನಸ್ಸು ಬರುತ್ತಿಲ್ಲ.

ನಿನ್ನ ಬರಹ 1969ರ ಗಲಭೆಯಿಂದ ಶುರುವಾಗಿ 1998ರ ಏಪ್ರಿಲ್ 10ಕ್ಕೆ, ಗುಡ್ ಫ್ರೈಡೇ ಒಪ್ಪಂದಕ್ಕೆ ಮುಗಿಯುತ್ತದೆ. ಬ್ರಿಟನ್ನಿನಲ್ಲೇ ಉಳಿಯಬೇಕು ಎನ್ನುವವರು ಹೆಚ್ಚಾಗಿ ಪ್ರೊಟೆಸ್ಟೆಂಟರು, ಐರ್ಲೆಂಡಿಗೆ ಸೇರಬೇಕು ಎನ್ನುವವರು ಹೆಚ್ಚಾಗಿ ಕ್ಯಾಥೊಲಿಕರು; ಇವರ ಮೂವತ್ತು ವರ್ಷದ ಜಗಳ, ಮೂರೂವರೆ ಸಾವಿರಕ್ಕೂ ಜಾಸ್ತಿ ಸಾವು, ಆಮೇಲೆ ಶಾಂತಿ. ಓದುವವರು ಸದ್ಯ ಮುಗಿಯಿತಲ್ಲ ಅಂದುಕೊಂಡು ಬೇರೆ ಕೆಲಸ ನೋಡುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ಬಾಂಬು ಸಿಡಿಯಲು ಒಂದು ಕ್ಷಣ ಸಾಕು. ಅದರ ಮುಂದಿನ ಮೂವತ್ತು, ನಲವತ್ತು ವರ್ಷಗಳನ್ನು ಯಾರೋ ದಿನದಿನವೂ ಬದುಕಬೇಕಾಗುತ್ತದೆ. ನೀನು ಬರೆಯಬೇಕಾದ್ದು ಆ ವರ್ಷಗಳನ್ನು.

ಎನ್ನಿಸ್ಕಿಲನ್ ಊರಿನ ವಿಷಯವನ್ನೇ ತಗೋ. 1987ರ ನವೆಂಬರ್ 8, ಭಾನುವಾರ. ಯುದ್ಧಗಳಲ್ಲಿ ಮಡಿದವರನ್ನು ನೆನೆಯಲು ಜನ ಸ್ಮಾರಕದ ಹತ್ತಿರ ಸೇರಿದ್ದರು. ಐರ್ಲೆಂಡಿಗೆ ಸೇರಬೇಕೆಂದು ಶಸ್ತ್ರ ಹಿಡಿದಿದ್ದ ಐಆರ್‌ಎ ಗುಂಪು ಇಟ್ಟಿದ್ದ ಬಾಂಬಿಗೆ ಗೋಡೆ ಕುಸಿದು 11 ಮಂದಿ ಸತ್ತರು ಎಂದು ಬರೆದು ನೀನು ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟೆ. ಗಾಯಗೊಂಡವರಲ್ಲಿ ಅಲ್ಲಿನ ಹೈಸ್ಕೂಲಿನ ಹೆಡ್‌ಮಾಸ್ಟರ್ ಒಬ್ಬರಿದ್ದರು. ಸ್ಫೋಟವಾದ ಕೆಲವೇ ದಿನಗಳಲ್ಲಿ ಅವರು ಕೋಮಾಕ್ಕೆ ಜಾರಿದರು. ಪ್ರಾಣ ಹೋದದ್ದು 2000ದ ಡಿಸೆಂಬರಿನಲ್ಲಿ. ಅಂದರೆ 13 ವರ್ಷ ಅವರ ಹೆಂಡತಿ ಅವರನ್ನು ನೋಡಿಕೊಂಡರು. ಈ ನಡುವೆ ಕದನವಿರಾಮ ಬಂತು, ಒಪ್ಪಂದ ಆಯಿತು, ನಾಯಕರು ಕೈ ಕುಲುಕಿದರು. ಆ ಮನೆಯಲ್ಲಿ ಮಾತ್ರ 1987 ಇನ್ನೂ ಮುಗಿದಿರಲಿಲ್ಲ. ನಿನ್ನ ಇಡೀ ಬರಹದಲ್ಲಿ ಅಂಥ ಒಂದೇ ಒಂದು ಮನೆ ಇದ್ದರೂ ಸಾಕು ಎನ್ನುವವನು ನಾನು.

ಅದೇ ಸ್ಫೋಟದಲ್ಲಿ ಗಾರ್ಡನ್ ವಿಲ್ಸನ್ ಮಗಳನ್ನು ಕಳೆದುಕೊಂಡರು. ಕಲ್ಲುಮಣ್ಣಿನ ಅಡಿಯಲ್ಲಿ ಅವಳ ಕೈ ಹಿಡಿದುಕೊಂಡೇ ಬಿದ್ದಿದ್ದವರು ಅವರು. ಅವಳನ್ನು ಕೊಂದವರ ಮೇಲೆ ನನಗೆ ದ್ವೇಷವಿಲ್ಲ ಎಂದರು. ಜಗತ್ತು ಆ ಮಾತಿಗೆ ತಲೆಬಾಗಿತು, ಬಾಗಬೇಕಾದದ್ದೇ. ಆದರೆ ನೀನು ಅದನ್ನು ಹಿಡಿದು, ‘ಎಲ್ಲರೂ ಹೀಗೆ ಕ್ಷಮಿಸಿದರೆ’ ಎಂದು ಬರೆದಿದ್ದೀಯ. ಆ ಸಾಲು ತೆಗೆದುಬಿಡು. ಕ್ಷಮೆ ಕೊಡುವುದು, ಬಿಡುವುದು ಕಳೆದುಕೊಂಡವರಿಗೆ ಬಿಟ್ಟದ್ದು. ಮಗನನ್ನು ಕಳೆದುಕೊಂಡ ತಾಯಿಗೆ ಮೈಕ್ ಹಿಡಿದು ‘ಕ್ಷಮಿಸುತ್ತೀರಾ’ ಎಂದು ಕೇಳುವುದು ಕ್ರೌರ್ಯ. ಬರೆಯುವವರು ಅದನ್ನು ಮಾಡಬಾರದು.

ಕಿಂಗ್ಸ್‌ಮಿಲ್ ಕೊಲೆಗಳ ಬಗ್ಗೆ ಒಂದು ಮಾತು. 1976ರ ಜನವರಿ 5ರ ಸಂಜೆ ಜವಳಿ ಮಿಲ್ಲಿನ ಕೆಲಸಗಾರರು ಮಿನಿಬಸ್ಸಿನಲ್ಲಿ ಮನೆಗೆ ಹೊರಟಿದ್ದರು. ಬಂದೂಕು ಹಿಡಿದವರು ತಡೆದು, ಕೆಳಗಿಳಿಸಿ, ಕ್ಯಾಥೊಲಿಕ್ ಯಾರು ಎಂದು ಕೇಳಿದರು. ಇದ್ದವನು ಒಬ್ಬನೇ. ಅವನನ್ನೇ ಕೊಲ್ಲಲು ಬಂದಿದ್ದಾರೆ ಎಂದುಕೊಂಡು ಪಕ್ಕದಲ್ಲಿದ್ದ ಪ್ರೊಟೆಸ್ಟೆಂಟ್ ಗೆಳೆಯರು ಅವನು ಮುಂದೆ ಹೋಗದ ಹಾಗೆ ಹಿಡಿದುಕೊಂಡರು. ಬಂದವರು ಅವನನ್ನು ಓಡು ಎಂದು ಕಳಿಸಿ, ಉಳಿದ 11 ಜನರ ಮೇಲೆ ಗುಂಡು ಹಾರಿಸಿದರು. 10 ಮಂದಿ ಸತ್ತರು. ಒಬ್ಬರು 18 ಗುಂಡಿನ ಗಾಯಗಳೊಂದಿಗೆ ಬದುಕಿಕೊಂಡರು. ಈ ಕೊಲೆಗಳಿಗೆ ಇವತ್ತಿಗೂ ಯಾರಿಗೂ ಶಿಕ್ಷೆಯಾಗಿಲ್ಲ. ಸಾವಿನ ಕಾರಣ ತನಿಖೆ ಮಾಡುವ ನ್ಯಾಯಾಧಿಕಾರಿ, ಇದು ಐಆರ್‌ಎ ಕೃತ್ಯ, ಮತದ್ವೇಷದ ಕೊಲೆ ಎಂದು ಹೇಳಿದ್ದು 2024ರಲ್ಲಿ. ಅಷ್ಟು ವರ್ಷ ಆ ಒಬ್ಬ ಮನುಷ್ಯ ಬೆಳಗ್ಗೆ ಎದ್ದು, ಕಾಫಿಯೋ ಟೀಯೋ ಕುಡಿದು, ನಾನೇ ಯಾಕೆ ಉಳಿದೆ ಎಂಬ ಪ್ರಶ್ನೆ ಹೊತ್ತುಕೊಂಡು ಓಡಾಡಬೇಕಾಗಿತ್ತು, ಅಲ್ವಾ?

ಕಿಂಗ್ಸ್‌ಮಿಲ್‌ನ ಹಿಂದಿನ ದಿನ ಅದೇ ಸೀಮೆಯಲ್ಲಿ ಎರಡು ಕ್ಯಾಥೊಲಿಕ್ ಮನೆಗಳಿಗೆ ನುಗ್ಗಿ, ಬ್ರಿಟನ್ ಪರ ಶಸ್ತ್ರ ಹಿಡಿದಿದ್ದ ಯುವಿಎಫ್ ಗುಂಪಿನವರು ಗುಂಡು ಹಾರಿಸಿದ್ದರು. ನೀನು ಎರಡನ್ನೂ ‘ಅದಕ್ಕೆ ಇದು’ ಎಂದು ಜೋಡಿಸಿದ್ದೀಯ. ಕೊಂದವರೂ ಹಾಗೇ ಜೋಡಿಸಿದ್ದರು. ನೀನು ಅವರ ಲೆಕ್ಕ ಬರೆಯಬೇಡ. ಎರಡೂ ಕಡೆಯ ಮನೆಗಳಿಗೆ ಹೋಗು, ಎರಡಕ್ಕೂ ಪೂರ್ತಿ ಜಾಗ ಕೊಡು.

ಮಾತಾಡದಿರುವವರ ಬಗ್ಗೆಯೂ ನಿನಗೆ ತಾಳ್ಮೆ ಬೇಕು. ನೀನು ಮಾತಾಡಿಸಿದ ಕೆಲವರು ಏನೂ ಹೇಳಲಿಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀಯ. ಜೀನ್ ಮೆಕಾನ್ವಿಲ್ ಅವರನ್ನು ನೆನಪಿಸಿಕೋ. ಗಂಡ ಸತ್ತಿದ್ದ, ಹತ್ತು ಮಕ್ಕಳ ತಾಯಿ. 1972ರ ಡಿಸೆಂಬರಿನಲ್ಲಿ ಬೆಲ್‌ಫಾಸ್ಟ್‌ನ ಡಿವಿಸ್ ಫ್ಲ್ಯಾಟ್ಸ್‌ನಿಂದ ಐಆರ್‌ಎಯವರು ಎಳೆದೊಯ್ದರು. ಕೆಲ ದಿನದ ಮೇಲೆ ಯಾರೋ ಬಂದು ಅವರ ಪರ್ಸು, ಉಂಗುರಗಳನ್ನು ಮಕ್ಕಳ ಕೈಗೆ ಕೊಟ್ಟು ಹೋದರು. ಮಕ್ಕಳನ್ನು ಬೇರೆಬೇರೆ ಅನಾಥಾಲಯಗಳಿಗೆ ಹಂಚಿದರು. ಶವ ಸಿಕ್ಕಿದ್ದು 2003ರಲ್ಲಿ, ಗಡಿಯಾಚೆ, ಐರ್ಲೆಂಡ್ ದೇಶದ ಲೌತ್ ಕೌಂಟಿಯ ಕಡಲತೀರದಲ್ಲಿ. ಬಟ್ಟೆಗೆ ಚುಚ್ಚಿದ್ದ ಸೇಫ್ಟಿ ಪಿನ್ ನೋಡಿ ಮಕ್ಕಳು ಅಮ್ಮನೇ ಎಂದು ಗುರುತು ಹಿಡಿದರು. ಅವರನ್ನು ಒಯ್ದವರಲ್ಲಿ ಕೆಲವರು ಯಾರೆಂದು ಒಬ್ಬ ಮಗನಿಗೆ ಗೊತ್ತಿತ್ತು. ದೊಡ್ಡವನಾದ ಮೇಲೂ ಬೀದಿಯಲ್ಲಿ ಎದುರಾಗುತ್ತಿದ್ದರಂತೆ. ತನಗೆ, ತನ್ನ ಮಕ್ಕಳಿಗೆ ಏನಾದರೂ ಆದೀತೆಂಬ ಭಯಕ್ಕೆ ಆತ ಹೆಸರು ಹೇಳಲಿಲ್ಲ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಬಾಯಿ ಮುಚ್ಚಿಕೊಂಡಿರುವುದು ಬದುಕುವ ದಾರಿ. ಅವರು ಮೌನವಾಗಿದ್ದರು ಎಂದಷ್ಟೇ ಬರೆ. ಕೆದಕಬೇಡ.

ನಿನ್ನದೇ ವಯಸ್ಸಿನವರ ಕಡೆಗೂ ನೋಡು. ಲೈರಾ ಮಕೀ ಎಂಬ ಪತ್ರಕರ್ತೆ 1990ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವಳು. ಒಪ್ಪಂದ ಆದಾಗ ಎಂಟು ವರ್ಷದ ಹುಡುಗಿ. ಶಾಂತಿಯಲ್ಲೇ ಬೆಳೆಯಬೇಕಿದ್ದ ತನ್ನ ಪೀಳಿಗೆಯವರು ಯಾಕೆ ಇಷ್ಟೊಂದು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದಾರೆ ಎಂದು ಹುಡುಕಿ ಬರೆದಳು. 1998ರ ಬಳಿಕ ಉತ್ತರ ಐರ್ಲೆಂಡಿನಲ್ಲಿ ಆತ್ಮಹತ್ಯೆಯಿಂದ ಸತ್ತವರು, ಮೂವತ್ತು ವರ್ಷದ ಜಗಳದಲ್ಲಿ ಸತ್ತವರಿಗಿಂತ ಜಾಸ್ತಿ. ಎಲ್ಲವನ್ನೂ ಆ ಜಗಳದ ತಲೆಗೆ ಕಟ್ಟಲಾಗದು. ಬಡತನವಿದೆ, ನಿರುದ್ಯೋಗವಿದೆ. ಆದರೆ ಅಪ್ಪನ ಕುಡಿತ, ಅಮ್ಮನ ನಿದ್ದೆ ಮಾತ್ರೆ, ಮನೆಯೊಳಗಿನ ಹೆದರಿಕೆ, ಇವೆಲ್ಲ ಮಕ್ಕಳಿಗೆ ಇಳಿದು ಬರುತ್ತವೆ. 2019ರ ಏಪ್ರಿಲ್ 18ರ ರಾತ್ರಿ ಡೆರಿಯ ಕ್ರೆಗನ್‌ನಲ್ಲಿ ಗಲಭೆ ನೋಡುತ್ತ ನಿಂತಿದ್ದಾಗ ಒಪ್ಪಂದ ಒಪ್ಪದ ನ್ಯೂ ಐಆರ್‌ಎ ಗುಂಪಿನ ಗುಂಡು ತಗಲಿ ಲೈರಾ ಸತ್ತಳು. 29 ವರ್ಷ. ಇದನ್ನು ಬರೆಯುವಾಗ ನನಗೆ ಇನ್ನೂ ಸಂಕಟವಾಗುತ್ತದೆ.

ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರ, ಪ್ರೊಟೆಸ್ಟೆಂಟರ ಕೇರಿಗಳನ್ನು ಬೇರ್ಪಡಿಸುವ ಕ್ಯೂಪರ್ ವೇ ಗೋಡೆಯ ಮೇಲೆ ಪ್ರವಾಸಿಗರು ಬರೆದ ಶಾಂತಿಯ ಸಾಲುಗಳ ಬಗ್ಗೆ ನೀನು ಒಂದು ಪುಟ ಬರೆದಿದ್ದೀಯ. ಅಷ್ಟು ಬೇಡ. ಗೋಡೆಯ ಆಚೆ, ಬಾಂಬೆ ಸ್ಟ್ರೀಟ್‌ಗೆ ಹೋಗು. 1969ರಲ್ಲಿ ಸುಟ್ಟುಹೋದ ಬೀದಿ ಅದು. ಅಲ್ಲಿನ ಮನೆಗಳ ಹಿತ್ತಿಲಿಗೆ, ಆಚೆಯಿಂದ ಕಲ್ಲು ಬೀಳದಿರಲಿ ಎಂದು ಕಬ್ಬಿಣದ ಜಾಲರಿ ಹೊದಿಸಿದ್ದಾರೆ. 2023ರೊಳಗೆ ಇಂಥ ಗೋಡೆಗಳನ್ನೆಲ್ಲ ತೆಗೆಯುತ್ತೇವೆ ಎಂದು ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಆಗಲಿಲ್ಲ. ತೆಗೆಯಲು ಹೆದರುವವರು ಅಲ್ಲೇ ವಾಸ ಮಾಡುವವರು. ಅವರಿಗೆ ಬುದ್ಧಿ ಹೇಳುವ ಮೊದಲು ಆ ಜಾಲರಿಯ ಕೆಳಗೆ ಬಟ್ಟೆ ಒಣಹಾಕುವುದು ಹೇಗಿರುತ್ತದೆ ಎಂದು ಕೇಳು.

ಗಾಯಾಳುಗಳ ಪಿಂಚಣಿ ವಿಷಯವನ್ನು ನೀನು ಮುಟ್ಟೇ ಇಲ್ಲ. ಕಾಲು ಕಳೆದುಕೊಂಡವರು, ಕಣ್ಣು ಹೋದವರು ವರ್ಷಗಟ್ಟಲೆ ಹೋರಾಡಿದ ಮೇಲೆ, ಕೋರ್ಟಿನ ತನಕ ಹೋದ ಮೇಲೆ, ಆ ಯೋಜನೆ ತೆರೆದದ್ದು 2021ರ ಆಗಸ್ಟಿನಲ್ಲಿ. ಕಾಯುತ್ತ ಕಾಯುತ್ತ ಎಷ್ಟೋ ಮಂದಿ ತೀರಿಹೋಗಿದ್ದರು. ಬಾಂಬು ಇಡಲು ಹೋಗಿ ಗಾಯಗೊಂಡವನಿಗೂ ಕೊಡಬೇಕೇ ಎಂಬ ಜಗಳವೇ ತಡವಾಗಲು ದೊಡ್ಡ ಕಾರಣ. ನಿನ್ನ ಬರಹಕ್ಕೆ ಬೇಕಾದ ಎರಡನೇ ಮನೆ ಅಲ್ಲಿ ಸಿಗಬಹುದು.

ಮೊದಲ ಆರು ಪುಟದ ಇತಿಹಾಸವನ್ನು ಒಂದು ಪುಟಕ್ಕೆ ಇಳಿಸು. ಈ ನೆಲ ಬ್ರಿಟನ್ನಿಗೆ ಸೇರಬೇಕೇ, ಐರ್ಲೆಂಡಿಗೆ ಸೇರಬೇಕೇ ಎಂಬ ಜಗಳ, ಅದರ ಜೊತೆ ಮನೆ, ಕೆಲಸ, ಓಟಿನಲ್ಲಿ ಕ್ಯಾಥೊಲಿಕರಿಗಾದ ಅನ್ಯಾಯ, ಇಷ್ಟು ತಿಳಿದರೆ ನಮ್ಮ ಓದುಗರಿಗೆ ಸಾಕು. ಮಿಕ್ಕ ಜಾಗವನ್ನೆಲ್ಲ 1998ರ ಈಚೆಗೆ ಕೊಡು. ಅವಸರ ಬೇಡ, ಬರೆದಾದ ಮೇಲೆ ಕಳಿಸು. ಓದಲು ಕಾಯುತ್ತಿರುತ್ತೇನೆ.

ನಿನ್ನ
ಅಣ್ಣ