ಮಷಿನ್ ಕೆಟ್ಟಿಲ್ಲ, ವಾಪಸ್ ಕಳಿಸಬೇಡ

ಗೆಳೆಯಾ,

ನಿನ್ನ ಪತ್ರ ಓದಿ ನಗು ಬಂತು. ಹಬ್ಬದ ಕಾರ್ಡ್ ಮಾಡೋಕೆ ಹೊಸ ಡೈ ಕಟಿಂಗ್ ಮಷಿನ್ ತಂದು ಮೂರೇ ದಿನಕ್ಕೆ ಕೆಟ್ಟಿದೆ, ವಾಪಸ್ ಕಳಿಸುತ್ತೇನೆ ಅನ್ನುವಷ್ಟು ಸಿಟ್ಟಾ? ಡೈ ಅಂದರೆ ಒತ್ತಿದಾಗ ಕಾಗದವನ್ನು ತನ್ನ ಆಕಾರಕ್ಕೆ ಕತ್ತರಿಸುವ ಲೋಹದ ಅಚ್ಚು, ಅಷ್ಟೇ ತಾನೆ. ನಕ್ಷತ್ರದ ಒಂದು ಮೂಲೆ ಮಾತ್ರ ಕತ್ತರಿಸುತ್ತಿಲ್ಲ ಅಂದರೆ ಆ ಜಾಗದಲ್ಲಿ ಒತ್ತಡ ಸಾಲುತ್ತಿಲ್ಲ, ಅಷ್ಟೇ. ಅಲ್ಲಿಗೆ ಸರಿಯಾಗಿ ಒಂದು ಚೂರು ತೆಳು ಕಾಗದವನ್ನು, ಡೈಯನ್ನೂ ಹಾಳೆಯನ್ನೂ ನಡುವೆ ಇಟ್ಟು ರೋಲರಿನ ಕೆಳಗೆ ತೂರಿಸುವ ಪ್ಲೇಟಿನ ಹಿಂದೆ ಇಟ್ಟು ಇನ್ನೊಮ್ಮೆ ಹಿಡಿ ತಿರುಗಿಸು. ಉದ್ದನೆಯ ನೇರ ಅಂಚಿರುವ ಡೈ ಆದರೆ ಸ್ವಲ್ಪ ಓರೆಯಾಗಿಡು, ಇಲ್ಲದಿದ್ದರೆ ಇಡೀ ಅಂಚು ಒಂದೇ ಸಲ ರೋಲರಿನ ಕೆಳಗೆ ಬಂದು ಗಕ್ಕನೆ ನಿಂತುಬಿಡುತ್ತದೆ. ಪ್ಲೇಟನ್ನು ಆಗಾಗ ಮಗುಚಿ ಹಾಕು, ಒಂದೇ ಮೈ ಬಳಸಿದರೆ ದೋಣಿಯ ಹಾಗೆ ಬಾಗುತ್ತದೆ. ಹಿಮದ ಹರಳಿನಂಥ ಸಣ್ಣ ಕುಸುರಿಯ ಡೈಗೆ ಮಾತ್ರ ಹಾಳೆಗೂ ಡೈಗೂ ನಡುವೆ ಮೇಣದ ಕಾಗದ ಇಡೋದು ಮರೀಬೇಡ, ನಾನು ಮರೆತು ಸೂಜಿ ಹಿಡಿದು ಒಂದೊಂದೇ ಚೂರು ಕೀಳುತ್ತಾ ಇಡೀ ಸಂಜೆ ಕೂತಿದ್ದೆ.

ಆದರೆ 30 ಕಾರ್ಡಿಗೆ 30 ವಿನ್ಯಾಸ ಅಂದೆಯಲ್ಲ, ಅದು ಬೇಡ ಮಾರಾಯ. ಐದನೆಯದಕ್ಕೇ ಸುಸ್ತಾಗುತ್ತೀಯ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್‌ಗೂ ಇದೇ ತಲೆಬಿಸಿ, ಹಬ್ಬದ ಹೊತ್ತಿಗೆ ಬರೆಯಬೇಕಾದ ಪತ್ರಗಳು ರಾಶಿ ಬಿದ್ದಿದ್ದವು. ಅವನು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದೇ ಒಂದು ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ಹಾಕಿಸಿದ. ಮೊದಲ ಕ್ರಿಸ್‌ಮಸ್ ಕಾರ್ಡ್ ಅಂತ ಹೇಳೋದು ಅದನ್ನೇ. ಅಚ್ಚು ಒಂದೇ, ಬಣ್ಣ ಮಾತ್ರ ಕೈಯದು. ನಾವು ಚಿತ್ರದ ಸ್ಟ್ಯಾಂಪಿಗೆ ಇಂಕು ಹಚ್ಚಿ ಒತ್ತಿ ಮಾಡೋದೂ ಅದೇ ಅಲ್ವಾ?

ಹಾಗಾಗಿ ಒಂದೇ ವಿನ್ಯಾಸ ಇಟ್ಟುಕೋ, ಬಣ್ಣ ಬದಲಾಯಿಸು. ಎ4 ಹಾಳೆಯನ್ನು ಎರಡು ತುಂಡು ಮಾಡಿ ಮಡಚಿದರೆ ಎರಡು ಕಾರ್ಡ್, ಸಿ6 ಲಕೋಟೆಗೆ ಸರಿಯಾಗಿ ಕೂರುತ್ತದೆ. ದಪ್ಪ ಹಾಳೆಯನ್ನು ಗೆರೆ ಕೊರೆಯದೆ ಮಡಚಬೇಡ, ಮಡಿಕೆಯಲ್ಲಿ ಬಿರಿಯುತ್ತದೆ. ಎಲ್ಲ ಮಡಚಿ ಆಮೇಲೆ ಎಲ್ಲಕ್ಕೂ ಸ್ಟ್ಯಾಂಪ್ ಹಾಕು, ಒಂದನ್ನೇ ಪೂರ್ತಿ ಮುಗಿಸಲು ಹೋಗಬೇಡ.

ಹೊಸ ಪಾರದರ್ಶಕ ಸ್ಟ್ಯಾಂಪ್ ಮೇಲೆ ಇಂಕು ಮಣಿಮಣಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಸ್ವಲ್ಪ ಉಜ್ಜು, ಸರಿಹೋಗುತ್ತದೆ. ಒತ್ತುವಾಗ ಅಲ್ಲಾಡಿಸಬೇಡ, ನೇರ ಇಟ್ಟು ನೇರ ಎತ್ತು. ಎಂಬಾಸಿಂಗ್ ಮಾಡೋದಾದರೆ, ಅಂದರೆ ಅಂಟು ಇಂಕಿನ ಮೇಲೆ ಪುಡಿ ಉದುರಿಸಿ ಕಾಯಿಸಿ ಉಬ್ಬು ಅಕ್ಷರ ಬರಿಸೋದು, ಕಾಗದಕ್ಕೆ ಮೊದಲು ಆಂಟಿ ಸ್ಟ್ಯಾಟಿಕ್ ಪುಡಿಯ ಚೀಲ, ಅಂದರೆ ಎಂಬಾಸಿಂಗ್ ಪುಡಿ ಬೇರೆ ಕಡೆ ಅಂಟದ ಹಾಗೆ ತಡೆಯುವ ಪುಡಿಯ ಸಣ್ಣ ಗಂಟು, ಸವರು, ಇಲ್ಲದಿದ್ದರೆ ಬೇಡದ ಕಡೆಯೆಲ್ಲ ಚಿನ್ನದ ಚುಕ್ಕೆ. ಕೂದಲು ಒಣಗಿಸುವ ಡ್ರೈಯರ್ ಸಾಕಲ್ವಾ ಅಂತ ಕೇಳಿದ್ದೀಯ. ಸಾಕಾಗಲ್ಲ. ಅದಕ್ಕೆ ಅಷ್ಟು ಬಿಸಿ ಇಲ್ಲ, ಗಾಳಿ ಮಾತ್ರ ಜೋರು, ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ತುಂಬ ಬಿಸಿ ಗಾಳಿ ಬಿಡುವ ಹೀಟ್ ಗನ್ನೇ ಬೇಕು, ಅದನ್ನೂ ಮೊದಲು ಕಾಯಿಸಿಕೊಂಡು ಆಮೇಲೆ ಕಾರ್ಡಿಗೆ ಹಿಡಿ. ಪುಡಿ ಕರಗಿ ಫಳ್ಳಂತ ಹೊಳೆಯುವ ಆ ಒಂದು ಗಳಿಗೆ ಇದೆಯಲ್ಲ, ನಾನು ಇಷ್ಟೆಲ್ಲ ಒದ್ದಾಡೋದೇ ಅದಕ್ಕೆ.

ಡೈಯಿಂದ ಕತ್ತರಿಸಿ ಉಳಿದ ತೂತಿನ ಹಾಳೆಯನ್ನು ಎಸೆಯಬೇಡ. ಹಿಂದೆ ಬೇರೆ ಬಣ್ಣದ ಕಾಗದ ಅಂಟಿಸು, ಇನ್ನೊಂದು ಕಾರ್ಡ್ ಪುಕ್ಕಟೆ ಆಯ್ತು. ಚಿತ್ರವನ್ನು ಎತ್ತರಿಸಿ ಅಂಟಿಸುವ ಫೋಮ್ ಟೇಪ್ ಮಾತ್ರ ಒಂದೇ ಪದರ ಹಾಕು, ಉಬ್ಬಿದ ಲಕೋಟೆ ಅಂಚೆಯಲ್ಲಿ ಜಜ್ಜಿಹೋಗುತ್ತದೆ.

ಇನ್ನೊಂದು ವಿಷಯ, ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೋದ ವರ್ಷ ನಿನಗೆ ಕಳಿಸಿದ ಕಾರ್ಡಿನಲ್ಲಿ ಆ ಮೂಲೆಯ ನಕ್ಷತ್ರವನ್ನು ಎಂಥ ಜಾಗ ನೋಡಿ ಇಟ್ಟಿದ್ದೀಯ ಅಂತ ಹೊಗಳಿದ್ದೆಯಲ್ಲ? ಅದರ ಕೆಳಗೆ ನನ್ನ ಹೆಬ್ಬೆಟ್ಟಿನ ಹಸಿರು ಇಂಕಿನ ಗುರುತಿದೆ. ಕಿತ್ತು ನೋಡಲು ಹೋಗಬೇಡ, ಅಂಟು ಜಾಸ್ತಿನೇ ಹಾಕಿದ್ದೇನೆ.

ನಿನ್ನ
ಇಂಕು ಬೆರಳಿನ ಗೆಳೆಯ